ಸಹಿ ಹಾಕೋದಕ್ಕೆ ಮುಂಚೆ ಇಷ್ಟು ಓದು

ಪ್ರೀತಿಯ ಗೆಳೆಯ,

ನಿನ್ನ ಚಿತ್ರವನ್ನು ವಿತರಿಸಲು ಮುಂದೆ ಬಂದವರ ಕರಾರುಪತ್ರ ಕಳಿಸಿದ್ದೀಯಲ್ಲ, ಪೂರ್ತಿ ಓದಿದೆ. ಹದಿನೈದು ವರ್ಷ, ಇಡೀ ಜಗತ್ತು, ಎಲ್ಲ ಮಾಧ್ಯಮದ ಹಕ್ಕೂ ಅವರಿಗೆ. ಮುಂಗಡ ಹಣ ಮಾತ್ರ ಸೊನ್ನೆ. "ಅಂತೂ ಒಬ್ಬರು ಸಿಕ್ಕಿದರು" ಅಂತ ಬರೆದಿದ್ದೀಯ. ನಿನ್ನ ಖುಷಿ ನನಗೆ ಅರ್ಥವಾಗುತ್ತದೆ. "ನೋಡಿ ಹೇಳುತ್ತೇವೆ" ಅನ್ನುವ ಉತ್ತರ ಕೇಳಿ ಕೇಳಿ ಸುಸ್ತಾದವನಿಗೆ ಯಾರೋ "ನಮಗೆ ಬೇಕು" ಅಂದರೆ ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ. ಆದರೂ ಸ್ವಲ್ಪ ತಡಿ ಮಾರಾಯ. ಈ ವಿತರಕರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ನಿನ್ನ ಚಿತ್ರವನ್ನು ಯಾರು ನೋಡುತ್ತಾರೆ ಅನ್ನುವುದು ನಿನಗೆ ಗೊತ್ತು. ಅವರಿಗೆ ಗೊತ್ತಿಲ್ಲ ಅನ್ನುವುದು ಅವರ ಪತ್ರದಲ್ಲೇ ಕಾಣುತ್ತದೆ. ಹಾಗಿರುವಾಗ ಎಲ್ಲ ಹಕ್ಕನ್ನೂ ಅವರ ಕೈಗೇ ಯಾಕೆ ಕೊಡುತ್ತೀಯ?

ಮೊದಲು ದುಡ್ಡಿನ ಲೆಕ್ಕ ನೋಡೋಣ. ಯಾರೋ ನಿನ್ನ ಚಿತ್ರವನ್ನು ಆನ್‌ಲೈನ್‌ನಲ್ಲಿ ಬಾಡಿಗೆಗೆ ನೋಡಿ 100 ಕೊಟ್ಟರು ಅಂತಿಟ್ಟುಕೋ. ಅದನ್ನು ತೋರಿಸಿದ ವೇದಿಕೆ ಸಾಮಾನ್ಯವಾಗಿ 30 ಇಟ್ಟುಕೊಳ್ಳುತ್ತದೆ. ಉಳಿದ 70ರಲ್ಲಿ ನಿನ್ನ ವಿತರಕರ ಕಮಿಷನ್ ಶೇಕಡ 25, ಅಂದರೆ 17.50. ಕೈಯಲ್ಲಿ ಉಳಿದದ್ದು 52.50. ಅದೂ ನಿನ್ನದಲ್ಲ! ಅವರ ಖರ್ಚೆಲ್ಲ ವಸೂಲಾಗುವವರೆಗೆ ಅದು ಅವರಿಗೇ ಹೋಗುತ್ತದೆ. ಹೊಸ ಪೋಸ್ಟರ್, ಮತ್ತೆ ಕತ್ತರಿಸಿದ ಟ್ರೇಲರ್, ಕಾನ್ ಮತ್ತು ಬರ್ಲಿನ್‌ನ ಫಿಲ್ಮ್ ಮಾರ್ಕೆಟ್‌ಗಳಿಗೆ ಅವರು ಹೋಗಿ ಬಂದ ಖರ್ಚಿನಲ್ಲಿ ನಿನ್ನ ಪಾಲು, ಎಲ್ಲವೂ ಅದರಲ್ಲಿ ಸೇರುತ್ತವೆ. ನಿನ್ನ ಕರಾರಿನಲ್ಲಿ ಈ ಖರ್ಚಿಗೆ ಮಿತಿಯೇ ಇಲ್ಲ. "ಸಮಂಜಸವಾದ ಎಲ್ಲ ವೆಚ್ಚ" ಅಂತಿದೆ. ಯಾರ ಪ್ರಕಾರ ಸಮಂಜಸ? ಅಲ್ಲೊಂದು ಅಂಕಿ ಬರಲೇಬೇಕು. "ಇಷ್ಟಕ್ಕಿಂತ ಜಾಸ್ತಿ ಖರ್ಚು ಮಾಡುವ ಮುಂಚೆ ನನ್ನ ಲಿಖಿತ ಒಪ್ಪಿಗೆ ಬೇಕು" ಅಂತ ಸೇರಿಸು. ಇದನ್ನು ಕೇಳಿದರೆ ಒಳ್ಳೆಯ ವಿತರಕರು ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಅದೂ ಒಂದು ಉತ್ತರವೇ.

ಹನ್ನೊಂದನೇ ಕಲಮು ಇನ್ನೊಂದು ಸಲ ಓದು. ಒಂದು ದೇಶದಲ್ಲಾದ ನಷ್ಟವನ್ನು ಇನ್ನೊಂದು ದೇಶದಲ್ಲಿ ಬಂದ ಹಣದಿಂದ ಮುರಿದುಕೊಳ್ಳಬಹುದು ಅಂತಿದೆ. ಇದಕ್ಕೆ ಕ್ರಾಸ್ ಕೊಲ್ಯಾಟರಲೈಸೇಷನ್ ಅನ್ನುತ್ತಾರೆ. ಮುಂಗಡವನ್ನೇ ಕೊಡದವರಿಗೆ ಈ ಅನುಕೂಲ ಯಾಕೆ? ತೆಗೆಸು. ಲೆಕ್ಕಪುಸ್ತಕ ನೋಡುವ ಹಕ್ಕು ನಿನಗೆ ಎಲ್ಲೂ ಇಲ್ಲ, ಅದನ್ನು ಹಾಕಿಸು. ಹದಿನೈದು ವರ್ಷವನ್ನು ಐದಕ್ಕೋ ಏಳಕ್ಕೋ ಇಳಿಸು. ಎಲ್ಲಕ್ಕಿಂತ ಮುಖ್ಯವಾಗಿ, ಇಂತಿಷ್ಟು ತಿಂಗಳಲ್ಲಿ ಯಾವ ದೇಶದಲ್ಲಿ ಚಿತ್ರ ಮಾರಾಟವಾಗಿಲ್ಲವೋ ಆ ದೇಶದ ಹಕ್ಕು ವಾಪಸ್, ಎರಡು ಸಲ ಲೆಕ್ಕ ಕೊಡದಿದ್ದರೆ ಎಲ್ಲ ಹಕ್ಕೂ ವಾಪಸ್ ಅನ್ನುವ ಸಾಲು ಬೇಕು. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. 2019ರಲ್ಲಿ ಅಮೆರಿಕದ ಡಿಸ್ಟ್ರಿಬರ್ ಅನ್ನುವ ಅಗ್ರಿಗೇಟರ್ (ಚಿತ್ರಗಳನ್ನು ವೇದಿಕೆಗಳಿಗೆ ತಲುಪಿಸುವ ಮಧ್ಯವರ್ತಿ) ಕಂಪನಿ ಕುಸಿದಾಗ, ಎಷ್ಟೋ ಸ್ವತಂತ್ರ ನಿರ್ದೇಶಕರಿಗೆ ಬರಬೇಕಾಗಿದ್ದ ಹಣ ಅಲ್ಲೇ ಸಿಕ್ಕಿಹಾಕಿಕೊಂಡಿತು. ಚಿತ್ರಗಳು ವೇದಿಕೆಗಳ ಮೇಲೆ ಓಡುತ್ತಲೇ ಇದ್ದವು. ಚಿತ್ರ ಮಾಡಿದವರಿಗೆ ಮಾತ್ರ ಹಣ ಮುಟ್ಟಲಿಲ್ಲ. ಈ ಸಾಲುಗಳನ್ನು ಹೇಗೆ ಬರೆದರೆ ಕೋರ್ಟಿನಲ್ಲಿ ನಿಲ್ಲುತ್ತವೆ ಅಂತ ಸಿನಿಮಾ ಕರಾರು ಗೊತ್ತಿರುವ ವಕೀಲರನ್ನೇ ಕೇಳು. ನನ್ನ ಮಾತನ್ನೇ ಕಾನೂನು ಅಂದುಕೊಳ್ಳಬೇಡ.

ಹಕ್ಕು ಅನ್ನುವುದು ಒಂದೇ ಗಂಟಲ್ಲ. ಚಿತ್ರಮಂದಿರ ಬೇರೆ, ಟಿವಿ ಬೇರೆ, ಸ್ಟ್ರೀಮಿಂಗ್ ಬೇರೆ, ವಿಮಾನದೊಳಗಿನ ಪ್ರದರ್ಶನ ಬೇರೆ. ಶಾಲೆ ಕಾಲೇಜು ಗ್ರಂಥಾಲಯಗಳ ಪರವಾನಗಿ ಬೇರೆ, ಸಂಘ ಸಂಸ್ಥೆಗಳು ಏರ್ಪಡಿಸುವ ಪ್ರದರ್ಶನ ಬೇರೆ. ಪ್ರತಿಯೊಂದನ್ನೂ ದೇಶದ ಪ್ರಕಾರ ಮತ್ತೆ ವಿಂಗಡಿಸಬಹುದು. ವಿದೇಶಗಳ ಟಿವಿ ಮತ್ತು ಸ್ಟ್ರೀಮಿಂಗ್ ಹಕ್ಕನ್ನು ಇವರಿಗೆ ಕೊಡು, ಅಲ್ಲಿ ಅವರಿಗೆ ಪರಿಚಯ ಇದೆ. ಶಿಕ್ಷಣ ಸಂಸ್ಥೆಗಳು, ಸಮುದಾಯ ಪ್ರದರ್ಶನಗಳು ಮತ್ತು ನಿನ್ನ ಸ್ವಂತ ವೆಬ್‌ಸೈಟಿನ ಮಾರಾಟ, ಈ ಮೂರನ್ನು ಮಾತ್ರ ಬಿಡಬೇಡ. ನಿನ್ನ ಚಿತ್ರದ ಜೀವ ಇರುವುದು ಅಲ್ಲೇ.

ಯಾಕೆ ಅಂತ ಹೇಳುತ್ತೇನೆ. ಒಬ್ಬಳು ಕಿವುಡಿ, ಇನ್ನೊಬ್ಬಳಿಗೆ ಕಿವಿ ಕೇಳುತ್ತದೆ. ಇಬ್ಬರೂ ಸನ್ನೆ ಭಾಷೆಯಲ್ಲೇ ಜಗಳ ಆಡುತ್ತಾರೆ. ಇಂಥ ಅಕ್ಕ ತಂಗಿಯರ ಚಿತ್ರವನ್ನು "ಕೌಟುಂಬಿಕ ಕಥೆ" ಅಂತ ಮಾರಿದರೆ ಅದು ಸಾವಿರ ಕೌಟುಂಬಿಕ ಕಥೆಗಳ ನಡುವೆ ಎಲ್ಲೋ ಕಳೆದುಹೋಗುತ್ತದೆ. ಕಿವುಡ ಸಮುದಾಯ, ಸನ್ನೆ ಭಾಷೆ ಕಲಿಸುವವರು, ದುಭಾಷಿಗಳು, ಕಿವುಡ ಮಕ್ಕಳ ತಂದೆ ತಾಯಂದಿರು, ವಿಶೇಷ ಶಾಲೆಗಳು, ಕಿವುಡ ತಂದೆ ತಾಯಿಗೆ ಹುಟ್ಟಿದ ಕೇಳುವ ಮಕ್ಕಳು: ಇವರಿಗೆ ಇದು ತಮ್ಮದೇ ಮನೆಯ ಜಗಳ. ಇವರೆಲ್ಲ ಈಗಾಗಲೇ ಸಂಘಟಿತರಾಗಿದ್ದಾರೆ. ಸಂಘಗಳಿವೆ, ಗುಂಪುಗಳಿವೆ, ವಾರ್ಷಿಕ ಕಾರ್ಯಕ್ರಮಗಳಿವೆ. ಪ್ರೇಕ್ಷಕರನ್ನು ಹುಡುಕುವ ಅರ್ಧ ಕೆಲಸ ಅಲ್ಲಿಗೆ ಮುಗಿಯಿತು. ವಿತರಕರ ಮಾರ್ಕೆಟಿಂಗ್ ಪ್ಲ್ಯಾನಿನಲ್ಲಿ ಈ ಜನರ ಬಗ್ಗೆ ಒಂದು ಸಾಲೂ ಇಲ್ಲ. ಮಾತು, ಸದ್ದುಗಳನ್ನು ಪರದೆಯ ಮೇಲೆ ಬರೆದು ತೋರಿಸುವ ಕ್ಯಾಪ್ಷನ್ ಬಗ್ಗೆಯೂ ಇಲ್ಲ! ಅದನ್ನು ನೋಡಿಯೇ ನನಗೆ ಸಿಟ್ಟು ಬಂದದ್ದು.

ಎಲ್ಲರೂ ನಿನಗೆ ಕಿವುಡ ಕುಟುಂಬದ ಕೇಳುವ ಹುಡುಗಿಯ ಕಥೆಯಾದ ಕೋಡಾ ಚಿತ್ರದ ಹೆಸರು ಹೇಳುತ್ತಿರಬೇಕು, ಅಲ್ವಾ? 2021ರಲ್ಲಿ ಅಮೆರಿಕದ ಸನ್‌ಡ್ಯಾನ್ಸ್ ಚಿತ್ರೋತ್ಸವದಲ್ಲಿ ಆಪಲ್ ಅದನ್ನು ಸುಮಾರು 25 ಮಿಲಿಯನ್ ಡಾಲರ್ ಕೊಟ್ಟು ಕೊಂಡಿತು. ಮರುವರ್ಷ ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ನಿಜ. ಆದರೆ ಸನ್‌ಡ್ಯಾನ್ಸ್‌ನ ಇನ್ನೊಂದು ಲೆಕ್ಕವನ್ನೂ ನೋಡು. 2024ರಲ್ಲಿ ಅಲ್ಲಿಗೆ ಬಂದ ಪೂರ್ಣಾವಧಿಯ ಚಿತ್ರಗಳು 4,400ಕ್ಕೂ ಜಾಸ್ತಿ. ಆಯ್ಕೆಯಾದವು ನೂರಕ್ಕಿಂತ ಕಡಿಮೆ. ಆಯ್ಕೆಯಾದವಕ್ಕೆಲ್ಲ ಖರೀದಿದಾರರು ಸಿಗುತ್ತಾರೆ ಅಂತಲೂ ಇಲ್ಲ. ಕಳಿಸಬೇಡ ಅನ್ನುವುದಿಲ್ಲ, ಖಂಡಿತ ಕಳಿಸು. ಅದೊಂದನ್ನೇ ನಂಬಿ ಉಳಿದ ಕೆಲಸ ನಿಲ್ಲಿಸಬೇಡ, ಅಷ್ಟೇ.

ಫೆಸ್ಟಿವಲ್ ವಿಷಯದಲ್ಲಿ ಒಂದು ಎಚ್ಚರ ಬೇಕು. ಕಾನ್, ವೆನಿಸ್, ಬರ್ಲಿನ್ ತರಹದ ದೊಡ್ಡ ಕಡೆ ಸ್ಪರ್ಧಾ ವಿಭಾಗಕ್ಕೆ ಹೊಸದಾಗಿ ತೆರೆ ಕಾಣುವ ಚಿತ್ರವೇ ಬೇಕು. ಒಂದು ವಾರಕ್ಕೆ ಅಂತ ಎಲ್ಲರಿಗೂ ಕಾಣುವ ಹಾಗೆ ಯೂಟ್ಯೂಬ್‌ಗೆ ಹಾಕಿ ತೆಗೆದರೂ ಪ್ರೀಮಿಯರ್ ಹೋದಂತೆಯೇ. ಹಾಗಾಗಿ ದೊಡ್ಡವರ ಉತ್ತರ ಬರುವವರೆಗೆ ಪಾಸ್‌ವರ್ಡ್ ಇರುವ ಲಿಂಕ್ ಮಾತ್ರ ಕೊಡು. ಒಂದು ಸುತ್ತು ಮುಗಿಯಿತು, ಯಾರೂ ಕರೆಯಲಿಲ್ಲ ಅಂದರೆ ಕಾಯುತ್ತಾ ಕೂರಬೇಡ. ಕಿವುಡರದ್ದೇ ಉತ್ಸವಗಳಿವೆ. ಫ್ರಾನ್ಸ್‌ನ ರೀಮ್ಸ್‌ನಲ್ಲಿ ಕ್ಲಾಂ ದೈ ಅಂತ ಒಂದು ನಡೆಯುತ್ತದೆ, ಸಿಯಾಟಲ್‌ನಲ್ಲಿ ಇನ್ನೊಂದು. ಖರೀದಿದಾರರ ಗುಂಪು ಅಲ್ಲಿ ಚಿಕ್ಕದಿರಬಹುದು. ಆದರೆ ಚಿತ್ರ ನೋಡಿದವರು ತಮ್ಮ ಊರಿಗೆ ಹೋಗಿ "ನಮ್ಮಲ್ಲೂ ತೋರಿಸಿ" ಅಂತ ಪತ್ರ ಬರೆಯುತ್ತಾರೆ. ಸಣ್ಣ ಉತ್ಸವಗಳು ಆಹ್ವಾನಿಸಿದಾಗ ಪ್ರದರ್ಶನ ಶುಲ್ಕ ಕೊಡುತ್ತೀರಾ ಅಂತ ಕೇಳು. ಎಷ್ಟೋ ಕಡೆ ಕೊಡುತ್ತಾರೆ, ಕೇಳಿದವರಿಗೆ ಮಾತ್ರ.

ತಾವೇ ಹೊತ್ತು ತಿರುಗಿದವರು ಹಿಂದೆಯೂ ಇದ್ದರು. 1974ರಲ್ಲಿ ಅಮೆರಿಕದ ನಿರ್ದೇಶಕ ಜಾನ್ ಕ್ಯಾಸವೆಟೀಸ್‌ನ ಚಿತ್ರವನ್ನು ವಿತರಿಸಲು ಯಾರೂ ಮುಂದೆ ಬರಲಿಲ್ಲ. ಅವನು ಚಿತ್ರಮಂದಿರಗಳಿಗೆ ತಾನೇ ಫೋನ್ ಮಾಡಿದ, ಕಾಲೇಜುಗಳಿಗೆ ಹೋಗಿ ಚಿತ್ರ ತೋರಿಸಿ ಮಾತಾಡಿದ. ಅದೇ ಚಿತ್ರಕ್ಕೆ ಅವನಿಗೂ ನಟಿ ಜೀನಾ ರೋಲೆಂಡ್ಸ್‌ಗೂ ಆಸ್ಕರ್ ನಾಮನಿರ್ದೇಶನ ಬಂತು. ಕೇರಳದಲ್ಲಿ ನಿರ್ದೇಶಕ ಜಾನ್ ಅಬ್ರಹಾಂ ಮತ್ತು ಒಡೆಸ್ಸಾ ಅನ್ನುವ ಸಿನಿಮಾ ಬಳಗದವರು ಇನ್ನೂ ಮುಂದೆ ಹೋದರು. ಊರೂರಿಗೆ ಹೋಗಿ ಸಿನಿಮಾ ತೋರಿಸಿ, ಜನರಿಂದ ಚಂದಾ ಎತ್ತಿ 1986ರಲ್ಲಿ ಚಿತ್ರ ಮುಗಿಸಿದರು. ಅಲ್ಲಿ ಪ್ರೇಕ್ಷಕರು ಚಿತ್ರಕ್ಕಿಂತ ಮೊದಲೇ ಸಿದ್ಧರಾಗಿದ್ದರು. ಇವರನ್ನು ನೆನೆದು ರೋಮಾಂಚನ ಪಡುವುದು ಸುಲಭ. ಆ ತಿರುಗಾಟಕ್ಕೆ ಎಷ್ಟು ಜನರ ಎಷ್ಟು ತಿಂಗಳ ಸಂಬಳವಿಲ್ಲದ ದುಡಿಮೆ ಬೇಕು ಅನ್ನುವುದನ್ನೂ ಲೆಕ್ಕ ಹಾಕು. ನಿನ್ನ ತಂಡದಲ್ಲಿ ಈ ಕೆಲಸಕ್ಕೇ ಒಬ್ಬರು ಇರಬೇಕು. ಅದು ನೀನಾಗಬಾರದು ಅಂತ ನನ್ನ ಅಭಿಪ್ರಾಯ. ನಿರ್ದೇಶಕರು ತಮ್ಮ ಚಿತ್ರದ ಬಗ್ಗೆ ಇಮೇಲ್ ಬರೆದರೆ ಮೂರು ಪುಟ ಆಗುತ್ತದೆ!

ತಾರೀಖು ಹುಡುಕಿ ಒದ್ದಾಡಬೇಡ. ಸೆಪ್ಟೆಂಬರ್ 23 ವಿಶ್ವಸಂಸ್ಥೆ ಘೋಷಿಸಿದ ಅಂತರರಾಷ್ಟ್ರೀಯ ಸನ್ನೆ ಭಾಷೆಗಳ ದಿನ, 2018ರಿಂದ ನಡೆಯುತ್ತಿದೆ. ಆ ತಿಂಗಳ ಕೊನೆಯ ಪೂರ್ತಿ ವಾರ ಕಿವುಡರ ಸಪ್ತಾಹ. ಸಂಘ ಸಂಸ್ಥೆಗಳು ಆಗ ಏನಾದರೂ ಕಾರ್ಯಕ್ರಮ ಮಾಡಲೇಬೇಕು ಅಂತ ಹುಡುಕುತ್ತಿರುತ್ತವೆ. ಒಂದೇ ವಾರದಲ್ಲಿ ಹಲವು ಊರುಗಳಲ್ಲಿ ಪ್ರದರ್ಶನ, ಆಮೇಲೆ ನಟಿಯರ ಜೊತೆ ಮಾತುಕತೆ. ಆದರೆ ಸಂಘದವರು ಸೆಪ್ಟೆಂಬರಿನ ಯೋಜನೆಯನ್ನು ತಿಂಗಳುಗಳ ಮುಂಚೆಯೇ ಹಾಕಿರುತ್ತಾರೆ. ಅದಕ್ಕೆ ಪತ್ರಗಳು ಈಗಲೇ ಹೋಗಬೇಕು. ಪ್ರತಿ ಪ್ರದರ್ಶನಕ್ಕೂ ಕ್ಯಾಪ್ಷನ್ ಪರದೆಯ ಮೇಲೇ ಇರಲಿ. ಬರೀ ಮಾತು ಸಾಲದು, ಬಾಗಿಲು ಬಡಿದ ಸದ್ದು, ದೂರದ ಸಂಗೀತ ಎಲ್ಲವನ್ನೂ ಬರೆಸು. ಮಾತುಕತೆಗೆ ಸನ್ನೆ ಭಾಷೆಯ ದುಭಾಷಿ ಬೇಕೇ ಬೇಕು. ಅವರ ಸಂಭಾವನೆಯನ್ನು ಬಜೆಟ್ಟಿನ ಕೊನೆಯ ಸಾಲಿಗೆ ತಳ್ಳಬೇಡ. ಒಂದೊಂದು ದೇಶದ ಸನ್ನೆ ಭಾಷೆ ಒಂದೊಂದು ತರಹ. ಆದ್ದರಿಂದ ಹೊರದೇಶದ ಕಿವುಡ ಪ್ರೇಕ್ಷಕರೂ ನಿನ್ನ ಸಬ್‌ಟೈಟಲ್ ಓದಿಯೇ ನೋಡುತ್ತಾರೆ. ಅದನ್ನು ಒಳ್ಳೆಯವರ ಕೈಯಲ್ಲಿ ಬರೆಸು.

ಪ್ರಚಾರದಲ್ಲಿ ನಿನಗೊಂದು ಅದೃಷ್ಟ ಇದೆ, ಅದನ್ನು ನೀನು ಗಮನಿಸಿದಂತಿಲ್ಲ. ಫೋನಿನಲ್ಲಿ ವಿಡಿಯೋ ನೋಡುವವರಲ್ಲಿ ಎಷ್ಟೋ ಜನ ಸದ್ದು ಆಫ್ ಮಾಡಿಯೇ ನೋಡುತ್ತಾರೆ. ಬೇರೆ ಚಿತ್ರಗಳ ತುಣುಕು ಅಲ್ಲಿ ಸತ್ತುಹೋಗುತ್ತದೆ. ನಿನ್ನ ಅಕ್ಕ ತಂಗಿ ಅಡುಗೆಮನೆಯಲ್ಲಿ ಕೈಯಲ್ಲೇ ಬೈದಾಡುವ ದೃಶ್ಯಕ್ಕೆ ಸದ್ದೇ ಬೇಡ. ಈಗಿನ ಟ್ರೇಲರ್ ಢಂ ಢಂ ಸಂಗೀತದಲ್ಲಿ ಶುರುವಾಗುತ್ತದೆ, ಅದನ್ನು ಬಿಟ್ಟು ಈ ದೃಶ್ಯದಿಂದ ಶುರು ಮಾಡು. ಪೋಸ್ಟರನ್ನು ಹೆಬ್ಬೆರಳಿನ ಗಾತ್ರಕ್ಕೆ ಇಳಿಸಿ ನೋಡು, ಹೆಸರು ಓದಲು ಬರದಿದ್ದರೆ ಮತ್ತೆ ಮಾಡಿಸು. ಪ್ರದರ್ಶನಕ್ಕೆ ಬಂದವರ ಇಮೇಲ್ ವಿಳಾಸಗಳನ್ನು ಕೇಳಿ ಪಡೆದು ಪಟ್ಟಿ ಮಾಡು. ಯಾವ ವೇದಿಕೆ ನಾಳೆ ಯಾವ ನಿಯಮ ಬದಲಿಸುತ್ತದೋ ಯಾರಿಗೆ ಗೊತ್ತು. 2021ರಲ್ಲಿ ಅಮೆಜಾನ್ ತನ್ನ ಪ್ರೈಮ್ ವಿಡಿಯೋ ಡೈರೆಕ್ಟ್‌ನಲ್ಲಿ ಯಾರು ಬೇಕಾದರೂ ಸಾಕ್ಷ್ಯಚಿತ್ರ, ಕಿರುಚಿತ್ರ ಕಳಿಸುವುದನ್ನೇ ನಿಲ್ಲಿಸಿಬಿಟ್ಟಿತು. ಅದೇ ದಾರಿ ನಂಬಿದ್ದವರಿಗೆ ಆ ಬಾಗಿಲು ಮುಚ್ಚಿತು. ವಿಳಾಸದ ಪಟ್ಟಿ ಮಾತ್ರ ನಿನ್ನದೇ ಆಗಿ ಉಳಿಯುತ್ತದೆ.

ಚಿತ್ರಮಂದಿರ, ಆಮೇಲೆ ಬಾಡಿಗೆ ಮತ್ತು ಖರೀದಿ, ಆಮೇಲೆ ಚಂದಾದಾರರ ವೇದಿಕೆ, ಕೊನೆಗೆ ಜಾಹೀರಾತಿನ ಜೊತೆ ಉಚಿತ. ಚಿತ್ರವನ್ನು ಬಿಡುಗಡೆ ಮಾಡುವ ಈ ಕ್ರಮ ನಿನಗೆ ಗೊತ್ತೇ ಇದೆ. ಉಚಿತವಾಗಿ ಕೊಟ್ಟ ಮೇಲೆ ದುಡ್ಡು ಕೊಟ್ಟು ನೋಡಿ ಅನ್ನಲು ಆಗುವುದಿಲ್ಲ.

ಇನ್ನು ಕಾಗದ ಪತ್ರ. ಇದು ಬೋರ್ ಹೊಡೆಸುತ್ತದೆ, ಆದರೆ ಒಪ್ಪಂದಗಳು ಮುರಿದುಬೀಳುವುದು ಇಲ್ಲೇ. ಕಥೆ, ನಟರು, ತಂತ್ರಜ್ಞರು ಎಲ್ಲರಿಂದಲೂ ಹಕ್ಕು ನಿನಗೆ ಬಂದಿದೆ ಅನ್ನುವ ಸರಪಳಿ ಪೂರ್ತಿ ಇರಬೇಕು. ಚಿತ್ರಮಂದಿರದಲ್ಲಿ ತೋರಿಸುವ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿ, ಒಂದನ್ನು ಎನ್‌ಕ್ರಿಪ್ಟ್ ಮಾಡದೆ ಇಟ್ಟುಕೋ, ಇಲ್ಲದಿದ್ದರೆ ಪ್ರದರ್ಶನದ ದಿನ ಅದನ್ನು ತೆರೆಯುವ ಡಿಜಿಟಲ್ ಕೀ ಕೆಲಸ ಮಾಡಲಿಲ್ಲ ಅನ್ನುವ ತಾಪತ್ರಯ. ಸ್ಟಿಲ್ಸ್ ಅಂತ ಚಿತ್ರದ ಫ್ರೇಮುಗಳನ್ನೇ ಕತ್ತರಿಸಿ ಕಳಿಸಬೇಡ, ಪತ್ರಿಕೆಯವರು ತೆಗೆದುಕೊಳ್ಳದೆ ಇರಬಹುದು. ನನಗೆ ನಿಜಕ್ಕೂ ಹೆದರಿಕೆ ಇರುವುದು ಕೊನೆಯ ಹಾಡಿನ ಬಗ್ಗೆ. ಅದರ ಪರವಾನಗಿ ಫೆಸ್ಟಿವಲ್‌ಗೆ ಮಾತ್ರ ಅಂತ ನೀನೇ ಹೇಳಿದ ನೆನಪು. ಹಾಗಿದ್ದರೆ ಟಿವಿಗೂ ಮಾರಲು ಬರುವುದಿಲ್ಲ, ಸ್ಟ್ರೀಮಿಂಗಿಗೂ ಮಾರಲು ಬರುವುದಿಲ್ಲ. ಈ ಕರಾರಿನಲ್ಲಿ "ಎಲ್ಲ ಹಕ್ಕೂ ನನ್ನಲ್ಲಿದೆ" ಅಂತ ಸಹಿ ಹಾಕಿದರೆ ನಾಳೆ ದಂಡ ಕಟ್ಟುವವನು ನೀನೇ.

ಮೊದಲು ಆ ಹಾಡಿನವರನ್ನು ಹಿಡಿ. ಎಲ್ಲ ಮಾಧ್ಯಮಕ್ಕೂ ಎಷ್ಟು ಕೇಳುತ್ತಾರೆ ಅಂತ ತಿಳಿದುಕೋ. ಜಾಸ್ತಿಯಾದರೆ ಹಾಡು ಬದಲಿಸೋಣ, ಆ ದೃಶ್ಯ ಹಾಡಿಲ್ಲದೆಯೂ ನಿಲ್ಲುತ್ತದೆ ಅಂತ ನನಗೆ ಮೊದಲಿನಿಂದಲೂ ಅನಿಸಿದೆ. ಕರಾರಿನ ಪ್ರತಿಯಲ್ಲಿ ಬದಲಾಗಬೇಕಾದ ಸಾಲುಗಳಿಗೆ ಗುರುತು ಹಾಕಿ ಈ ಪತ್ರದ ಜೊತೆಗೇ ಕಳಿಸಿದ್ದೇನೆ. ವಕೀಲರಿಗೆ ತೋರಿಸಿ, ಆಮೇಲೆ ವಿತರಕರಿಗೆ ಉತ್ತರ ಬರೆ. ಸಂಘಗಳಿಗೆ ಹೋಗುವ ಪತ್ರದ ಕರಡು ಬೇಕಾದರೆ ಹೇಳು, ಒಂದು ಪುಟದೊಳಗೆ ನಾನು ಬರೆದುಕೊಡುತ್ತೇನೆ.

ಇಂತಿ ನಿನ್ನ ಗೆಳೆಯ