ರಂಗನತಿಟ್ಟಿಗೆ ಬಾಡಿಗೆ ಸೈಕಲ್ ಬರಲಿ

ಮಾನ್ಯ ಸಂಪಾದಕರೇ,

ಕಾಡು, ಪಕ್ಷಿಧಾಮ ನೋಡಲು ಹೋಗುವವರು ಕಾರು ಬಿಟ್ಟು ಬಸ್ಸು, ಸೈಕಲ್‌ನಲ್ಲಿ ಹೋಗುವಂತಾಗಬೇಕು. ಬಂಡೀಪುರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಈಗಲೇ ಖಾಸಗಿ ವಾಹನ ಬಿಡುವುದಿಲ್ಲ. ಕೆಳಗೆ ಕಾರು ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲೇ ಮೇಲೆ ಹೋಗಬೇಕು. ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಅಂದ ಮೇಲೆ ಶನಿವಾರ, ಭಾನುವಾರ ಗುಂಡ್ಲುಪೇಟೆಯಿಂದಲೇ ಬಸ್ಸು ಜಾಸ್ತಿ ಬಿಟ್ಟರೆ ಕಾಡಂಚಿನವರೆಗೂ ಕಾರು ತರುವುದು ತಪ್ಪುತ್ತದೆ ಅಲ್ವಾ?

ಸೈಕಲ್ ಎಲ್ಲ ಕಡೆಗೂ ಆಗುವುದಿಲ್ಲ. ಆನೆ, ಹುಲಿ ಓಡಾಡುವ ಬಂಡೀಪುರದೊಳಗೆ ಅದು ಅಪಾಯವೇ. ಆದರೆ ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ್ ರಾಷ್ಟ್ರೀಯ ಉದ್ಯಾನ ನೋಡಿ. ಗೇಟಿನಲ್ಲೇ ಬಾಡಿಗೆ ಸೈಕಲ್ ಸಿಗುತ್ತದೆ. ಸೈಕಲ್ ರಿಕ್ಷಾದವರೇ ಹಕ್ಕಿಗಳ ಹೆಸರು ಹೇಳಿ ತೋರಿಸುತ್ತಾರೆ. ಹೊಗೆ ಇಲ್ಲ, ಹಾರ್ನ್ ಇಲ್ಲ, ಊರಿನವರಿಗೆ ನಾಲ್ಕು ಕಾಸಿನ ದುಡಿಮೆ ಇದೆ. ನನಗೆ ಈ ಕೊನೆಯದೇ ಮುಖ್ಯ ಅನಿಸುತ್ತದೆ.

ನಮ್ಮ ರಂಗನತಿಟ್ಟು ಪಕ್ಷಿಧಾಮ ಶ್ರೀರಂಗಪಟ್ಟಣ ರೈಲು ನಿಲ್ದಾಣದಿಂದ ಕೆಲವೇ ಕಿಲೋಮೀಟರ್. ಸಪಾಟು ದಾರಿ, ಸುತ್ತ ಗದ್ದೆ. ಪಕ್ಕದ ಮೈಸೂರಿನಲ್ಲಿ 2017ರಲ್ಲೇ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಶುರುವಾಯಿತು. ಅಂಥದ್ದೇ ಒಂದು ಸ್ಟ್ಯಾಂಡ್ ಶ್ರೀರಂಗಪಟ್ಟಣ ನಿಲ್ದಾಣದ ಎದುರು ಬೇಕು. ಜೊತೆಗೆ ರಸ್ತೆ ಬದಿಯಲ್ಲಿ ಸೈಕಲ್‌ಗೆ ಜಾಗ ಬಿಡಬೇಕು. ಇಲ್ಲದಿದ್ದರೆ ಮಕ್ಕಳನ್ನು ಕರೆದುಕೊಂಡು ಯಾರೂ ಹೊರಡುವುದಿಲ್ಲ. ಪ್ರವಾಸೋದ್ಯಮ ಮತ್ತು ಅರಣ್ಯ ಇಲಾಖೆಗಳು ಒಟ್ಟಿಗೆ ಕೂತು ಈ ಕೆಲಸ ಬೇಗ ಶುರು ಮಾಡಲಿ.

– ಒಬ್ಬ ಓದುಗ, ಮೈಸೂರು