ಎದೆಯ ಶಸ್ತ್ರಚಿಕಿತ್ಸೆಯ ನಂತರದ ನೋವು ನಿರ್ವಹಣೆಯಲ್ಲಿ ಆದ ಲೋಪದ ಬಗ್ಗೆ ದೂರು

ಇವರಿಗೆ,
ವೈದ್ಯಕೀಯ ಅಧೀಕ್ಷಕರು,
ಕೋಲಾರ

ಮಾನ್ಯರೇ,

ನನ್ನ ತಂದೆಯವರಿಗೆ ಶ್ವಾಸಕೋಶದ ಸುತ್ತ ಕೀವು ಕಟ್ಟಿದ್ದರಿಂದ, ಕಳೆದ ತಿಂಗಳು ತಮ್ಮ ಆಸ್ಪತ್ರೆಯಲ್ಲಿ ಪಕ್ಕೆಲುಬುಗಳ ನಡುವೆ ಎದೆ ತೆರೆದು ಅದನ್ನು ತೆಗೆಯಲಾಯಿತು. ಶಸ್ತ್ರಚಿಕಿತ್ಸೆಯ ಬಗ್ಗೆ ನಮ್ಮ ತಕರಾರಿಲ್ಲ. ಅರಿವಳಿಕೆ ತಜ್ಞರು ಹಿಂದಿನ ದಿನವೇ ಬಂದು, ಎರಡು ಕವಲಿನ ಕೊಳವೆಯ ಮೂಲಕ ಒಂದೇ ಶ್ವಾಸಕೋಶಕ್ಕೆ ಉಸಿರು ಕೊಟ್ಟು ಇನ್ನೊಂದನ್ನು ಕುಗ್ಗಿಸಿಡುವುದನ್ನೂ, ನೋವು ತಡೆಯಲೆಂದು ಬೆನ್ನಿನಲ್ಲಿ ಎಪಿಡ್ಯೂರಲ್ ಕೊಳವೆ (ಬೆನ್ನುಹುರಿಯ ಹೊದಿಕೆಯ ಹೊರಗೆ ನೋವಿನ ಔಷಧ ಹರಿಸುವ ಸಣ್ಣ ಕೊಳವೆ) ಇಡುವುದನ್ನೂ ನಮಗೆ ಅರ್ಥವಾಗುವಂತೆ ವಿವರಿಸಿದ್ದರು. ನೋವಿದ್ದರೆ ರೋಗಿ ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಕಫ ನಿಂತು ನ್ಯುಮೋನಿಯಾ ಆಗಬಹುದು ಎಂದು ಎಚ್ಚರಿಸಿದವರೂ ಅವರೇ.

ಐಸಿಯುನಿಂದ ವಾರ್ಡಿಗೆ ಬಂದ ರಾತ್ರಿ ಎಪಿಡ್ಯೂರಲ್ ಪಂಪಿನ ಔಷಧ ಮುಗಿದು ಅಲಾರಂ ಹೊಡೆದುಕೊಳ್ಳತೊಡಗಿತು. ಕರ್ತವ್ಯದಲ್ಲಿದ್ದ ನರ್ಸ್ ಅದನ್ನು ನಿಲ್ಲಿಸಿ, ಅರಿವಳಿಕೆಯವರು ಬೆಳಿಗ್ಗೆ ಬರುತ್ತಾರೆ ಎಂದು ಹೇಳಿ ಹೋದರು. ಅಲ್ಲಿಯವರೆಗೆ ಪ್ಯಾರಾಸಿಟಮಾಲ್ ಡ್ರಿಪ್ ಕೂಡ ಹಾಕಲಿಲ್ಲ. ಕೆಮ್ಮು ಬಂದಾಗಲೆಲ್ಲ ತಂದೆಯವರು ಗಾಯದ ಮೇಲೆ ಕೈ ಒತ್ತಿಕೊಂಡು, ಕಫ ಹೊರಹಾಕಲಾರದೆ ಕೆಮ್ಮನ್ನೇ ತಡೆದುಕೊಳ್ಳುತ್ತಿದ್ದರು. ಬೆಳಗಿನ ಹೊತ್ತಿಗೆ ಆಕ್ಸಿಜನ್ ಮಟ್ಟ ಇಳಿಯಿತು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಕೆಳಭಾಗ ಕುಸಿದದ್ದು ಕಂಡಿತು, ಅವರನ್ನು ಮತ್ತೆ ಐಸಿಯುಗೆ ಸೇರಿಸಬೇಕಾಯಿತು. ನಮ್ಮಿಂದಲೇ ತರಿಸಿದ್ದ ಮೂರು ಚೆಂಡಿನ ಸ್ಪೈರೋಮೀಟರಿನ (ಆಳವಾಗಿ ಉಸಿರೆಳೆಯುವ ಅಭ್ಯಾಸ ಮಾಡಿಸುವ ಸಾಧನ) ಪ್ಲಾಸ್ಟಿಕ್ ಕವರನ್ನು ಅಲ್ಲಿಯವರೆಗೆ ಯಾರೂ ಬಿಚ್ಚಿರಲಿಲ್ಲ. ಆದರೂ ಬಿಲ್ಲಿನಲ್ಲಿ ಫಿಸಿಯೋಥೆರಪಿ ಶುಲ್ಕ ಪ್ರತಿದಿನವೂ ಸೇರಿದೆ.

ಇಡೀ ವಾರ್ಡನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದ ಆ ನರ್ಸ್ ಮೇಲೆ ಕ್ರಮ ಕೈಗೊಳ್ಳಿ ಎಂದು ನಾವು ಕೇಳುತ್ತಿಲ್ಲ. ಎಪಿಡ್ಯೂರಲ್ ಇರುವ ರೋಗಿಯನ್ನು ವಾರ್ಡಿಗೆ ಕಳಿಸಿದ ಮೇಲೆ ರಾತ್ರಿ ಯಾರನ್ನು ಕರೆಯಬೇಕು, ಪಂಪ್ ನಿಂತರೆ ಬದಲಿಗೆ ಏನು ಕೊಡಬೇಕು ಎಂಬುದನ್ನು ಕೇಸ್ ಶೀಟಿನಲ್ಲಿ ಬರೆದಿಡದ ವ್ಯವಸ್ಥೆಯೇ ಇದಕ್ಕೆ ಹೊಣೆ ಎಂಬುದು ನಮ್ಮ ದೃಢವಾದ ಅಭಿಪ್ರಾಯ. ಅಷ್ಟು ಕಷ್ಟದ ಶಸ್ತ್ರಚಿಕಿತ್ಸೆಯನ್ನು ಚೆನ್ನಾಗಿ ಮಾಡಿ ಮುಗಿಸಿದ ಆಸ್ಪತ್ರೆಯಲ್ಲಿ ಹೀಗಾದದ್ದು ನಮಗೆ ತುಂಬಾ ನೋವು ತಂದಿದೆ.

ಆದ್ದರಿಂದ ಆ ರಾತ್ರಿಯ ನೋವಿನ ಅಂಕ (ನೋವು ಎಷ್ಟಿದೆ ಎಂದು ಗುರುತಿಸುವ ಸಂಖ್ಯೆ) ಮತ್ತು ಔಷಧಗಳ ದಾಖಲೆಯೂ ಸೇರಿದಂತೆ ಪೂರ್ಣ ಕೇಸ್ ಶೀಟಿನ ಪ್ರತಿಯನ್ನು, 2002ರ ವೈದ್ಯಕೀಯ ವೃತ್ತಿ ನಿಯಮಾವಳಿಯಂತೆ 72 ಗಂಟೆಗಳೊಳಗೆ ಒದಗಿಸಬೇಕು. ಎರಡನೆಯ ಬಾರಿಯ ಐಸಿಯು ವೆಚ್ಚವನ್ನೂ ಮಾಡದ ಫಿಸಿಯೋಥೆರಪಿಯ ಶುಲ್ಕವನ್ನೂ ಹಿಂದಿರುಗಿಸಬೇಕು. ರಾತ್ರಿ ಪಾಳಿಗೆ ಅರಿವಳಿಕೆ ವಿಭಾಗದ ಕರೆ ವ್ಯವಸ್ಥೆ ಏನೆಂದು ಲಿಖಿತವಾಗಿ ತಿಳಿಸಬೇಕು. ಉತ್ತರ ಬಾರದಿದ್ದಲ್ಲಿ, ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಈ ದೂರನ್ನು ಸಲ್ಲಿಸಲಾಗುವುದು.

ಇಂತಿ ತಮ್ಮ ವಿಶ್ವಾಸಿ,
ರೋಗಿಯ ಮಗ, ಮಾಲೂರು ತಾಲ್ಲೂಕು