ನಾಮಪತ್ರದಲ್ಲಿ ಬರೆಯದೇ ಉಳಿದದ್ದು

ನಮ್ಮೂರಿನ ಹಾಲು ಉತ್ಪಾದಕರ ಸಹಕಾರ ಸಂಘದ ಆಡಳಿತ ಮಂಡಳಿಯ ಐದು ವರ್ಷದ ಅವಧಿ ಕಳೆದ ವಾರ ಮುಗಿಯಿತು. ಕಾರ್ಯದರ್ಶಿಯಾದ ನಾನು ಕಡತಗಳನ್ನು ಜೋಡಿಸಿಡುತ್ತಿದ್ದಾಗ 2020ರ ಚುನಾವಣೆಯ ನಾಮಪತ್ರಗಳು ಕೈಗೆ ಸಿಕ್ಕವು. ಉದ್ಯೋಗ ಎಂಬಲ್ಲಿ 13 ನಿರ್ದೇಶಕರೂ ಬರೆದದ್ದು ಒಂದೇ ಪದ: ವ್ಯವಸಾಯ. ಅದೇನೂ ಸುಳ್ಳಲ್ಲ, ಸಂಘಕ್ಕೆ ಹಾಲು ಹಾಕದವರು ನಮ್ಮಲ್ಲಿ ನಿರ್ದೇಶಕರಾಗುವಂತಿಲ್ಲ. ಆದರೆ ಆ ಪದದ ಹಿಂದೆ ಏನೇನಿತ್ತು ಎಂಬುದು ಐದು ವರ್ಷ ಅವರ ಪಕ್ಕದಲ್ಲಿ ಕುಳಿತ ನನಗೆ ಗೊತ್ತು. ಊರಿನ ಮುಂದೆ ಅದನ್ನು ಹೇಳಿ ಕೈ ಮುಗಿಯದೆ ನನಗೆ ಸಮಾಧಾನವಿಲ್ಲ.

ಅಧ್ಯಕ್ಷರು ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಕೈಗೆ ಬಂದ ಹಣದಲ್ಲಿ ಎರಡು ಸೀಮೆಹಸು ಕೊಂಡು ಊರಿಗೆ ಮರಳಿದರು. ನೆಲದೊಳಗಿನ ದಿನಗಳ ಮಾತನ್ನು ಅವರು ಆಡುವುದೇ ಕಡಿಮೆ. ಆದರೆ 2022ರಲ್ಲಿ ದನಗಳಿಗೆ ಬರುವ ಚರ್ಮಗಂಟು ರೋಗ ನಮ್ಮ ಜಿಲ್ಲೆಗೆ ಕಾಲಿಟ್ಟಾಗ ಅವರೊಂದು ಹಲಗೆ ತರಿಸಿ, ಸಾಲಾಗಿ ಮೊಳೆ ಹೊಡೆಸಿ, ಪ್ರತಿ ಮನೆಯ ಪಾಸ್‌ಬುಕ್ಕನ್ನು ಒಂದೊಂದು ಮೊಳೆಗೆ ನೇತುಹಾಕಿಸಿದರು. ಹಾಲು ತಂದವರು ತಮ್ಮ ಪುಸ್ತಕ ತೆಗೆದುಕೊಂಡು ಅಳತೆ ಬರೆಸಬೇಕು. ಏಳು ಗಂಟೆಗೆ ಯಾವ ಪುಸ್ತಕ ಮೊಳೆಯಲ್ಲೇ ಉಳಿದಿದೆಯೋ ಆ ಮನೆಗೆ ಯಾರಾದರೂ ಹೋಗಿ ನೋಡಬೇಕು. ಇದು ಎಲ್ಲಿಯ ಪದ್ಧತಿ ಎಂದು ಕೇಳಿದೆ. ಗಣಿಗೆ ಇಳಿದವರ ಬಿಲ್ಲೆ ಪಾಳಿ ಮುಗಿದ ಮೇಲೂ ವಾಪಸಾಗದಿದ್ದರೆ ಆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದು ಅರ್ಥ, ಹುಡುಕಿಕೊಂಡು ಹೋಗುತ್ತಿದ್ದೆವು ಎಂದರು. ಅಷ್ಟು ಹೇಳಿ ಸುಮ್ಮನಾದರು.

ಆ ಹಲಗೆಯಿಂದಾಗಿ ಜ್ವರ ಬಂದು ಮೇವು ಬಿಟ್ಟ ಹಸುಗಳು ಅದೇ ದಿನ ನಮ್ಮ ಕಣ್ಣಿಗೆ ಬಿದ್ದವು. ಕೂಡಲೇ ಅವನ್ನು ಬೇರೆ ಕಟ್ಟಿಸಿ, ಸೊಳ್ಳೆ, ನೊಣ, ಉಣ್ಣೆಗಳಿಂದ ಕಾಪಾಡಲು ಸಾಧ್ಯವಾಯಿತು. ಈ ರೋಗಕ್ಕೆ ಹಸುಗಳಿಗೂ ಹಾಕುತ್ತಿದ್ದ ಮೇಕೆ ಸಿಡುಬಿನ ಲಸಿಕೆ ಬಂದ ದಿನ ಯಾವ ಕೊಟ್ಟಿಗೆಯಲ್ಲಿ ಆರೋಗ್ಯವಾಗಿರುವ ರಾಸುಗಳೆಷ್ಟು ಎಂಬ ಪಟ್ಟಿ ಸಿದ್ಧವಿತ್ತು. ಅಂಚೆ ಇಲಾಖೆಯಿಂದ ನಿವೃತ್ತರಾದ ನಿರ್ದೇಶಕರು ಪಶುವೈದ್ಯರನ್ನು ಮನೆಯಿಂದ ಮನೆಗೆ ಕರೆದೊಯ್ದರು. ಯಾವ ಓಣಿಯ ಕೊನೆಯಲ್ಲಿ ಯಾರ ಕೊಟ್ಟಿಗೆ ಎಂದು ಅವರು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಸು ಸತ್ತರೆ ಸರ್ಕಾರ ಕೊಡುತ್ತಿದ್ದ 20,000 ರೂಪಾಯಿ ಪರಿಹಾರದ ಅರ್ಜಿಗಳನ್ನೂ ಅವರೇ ಜಗಲಿಯ ಮೇಲೆ ಕುಳಿತು ತುಂಬಿಕೊಟ್ಟರು.

ಲೆಕ್ಕದ ವಿಷಯದಲ್ಲಿ ನಾನು ಋಣಿಯಾಗಿರುವುದು ಬಸ್ ಕಂಡಕ್ಟರ್ ಆಗಿದ್ದ ಉಪಾಧ್ಯಕ್ಷರಿಗೆ. ಮೊದಲ ವರ್ಷ ಒಂದು ಬಟವಾಡೆಯಲ್ಲಿ ನನ್ನ ಲೆಕ್ಕಕ್ಕೂ ಡೇರಿಯ ಲೆಕ್ಕಕ್ಕೂ ತಾಳೆಯಾಗದೆ ಎರಡು ರಾತ್ರಿ ನಿದ್ದೆಯಿಲ್ಲದೆ ಕಳೆದಿದ್ದೆ. ಅವರು ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, "ಸ್ಟೇಜಿಗೊಮ್ಮೆ ವೇಬಿಲ್ ಮುಗಿಸಮ್ಮ, ಡಿಪೋಗೆ ಹೋದ ಮೇಲೆ ಹುಡುಕಿದರೆ ಸಿಗುವುದಿಲ್ಲ" ಎಂದರು. ವೇಬಿಲ್ ಎಂದರೆ ಕಂಡಕ್ಟರ್ ಟಿಕೆಟ್ ಲೆಕ್ಕ ಬರೆಯುವ ಹಾಳೆ. ಅಂದಿನಿಂದ ಕ್ಯಾನು ತುಂಬಿದಾಗಲೆಲ್ಲ ಒಟ್ಟು ಹಾಕಿ ಗೆರೆ ಎಳೆಯುತ್ತೇನೆ.

ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಪರಿಶೀಲಿಸುತ್ತಿದ್ದ ಸೋದರಿಯೂ ಮಂಡಳಿಯಲ್ಲಿದ್ದರು. ಕ್ಯಾನಿನ ಮುಚ್ಚಳದ ಅಂಚಿಗೆ ಬೆರಳು ಆಡಿಸಿ ನೋಡುವ ಅವರ ಅಭ್ಯಾಸದಿಂದ ನಮ್ಮ ಹಾಲು ಒಡೆದು ವಾಪಸಾಗುವುದು ನಿಂತಿತು.

ಇನ್ನು ನಮ್ಮ ಮಂಡಳಿಯ ಅಜ್ಜಿ. ಹೆಬ್ಬೆಟ್ಟು ಒತ್ತುವವರು, ಎಲ್ಲಿಯೂ ಸಂಬಳಕ್ಕೆ ದುಡಿದವರಲ್ಲ. ಅವರಿಗೆ ಹಿನ್ನೆಲೆ ಏನಿದೆ ಎಂದು ಚುನಾವಣೆಯ ಸಮಯದಲ್ಲಿ ಕೇಳಿದವರಿದ್ದರು. ಊರಿನ ಮೊದಲ ರೋಗದ ಹಸುವನ್ನು ಗುರುತಿಸಿದ್ದು ಅವರ ಕೈ. ಮೈಮೇಲೆ ಗಂಟು ಕಾಣುವುದಕ್ಕೆ ಮೊದಲೇ ಕುತ್ತಿಗೆಯ ರೋಮದ ಕೆಳಗೆ ಬೆರಳಾಡಿಸಿ, "ಇಲ್ಲಿ ಕಡಲೆಕಾಳಿನಷ್ಟು ಸಿಗುತ್ತಿದೆ, ಡಾಕ್ಟರನ್ನು ಕರೆಯಿರಿ" ಎಂದರು. ತಮ್ಮ ಮನೆಯ ಗಬ್ಬದ ಹಸುವೇ ಸತ್ತ ದಿನವೂ ಸಂಜೆ ಇನ್ನೊಬ್ಬರ ಕೊಟ್ಟಿಗೆಯಲ್ಲಿ ಬೇವಿನ ಸೊಪ್ಪಿನ ಹೊಗೆ ಹಾಕುತ್ತಿದ್ದರು. ಅಮ್ಮ, ಆ ಸಂಜೆ ನಿಮ್ಮ ಮುಂದೆ ಒಂದು ಮಾತೂ ಆಡಲಾಗಲಿಲ್ಲ. ಈಗ ಹೇಳುತ್ತಿದ್ದೇನೆ, ನಿಮ್ಮ ಋಣ ದೊಡ್ಡದು.

ಉಳಿದವರೂ ಕಡಿಮೆಯೇನಲ್ಲ. ರೇಷ್ಮೆ ಬಿಚ್ಚುವವರು, ಟ್ರ್ಯಾಕ್ಟರ್ ಓಡಿಸುವವರು, ಕೊಳವೆಬಾವಿ ಬತ್ತಿ ತೋಟ ಕಳೆದುಕೊಂಡು ಹಸುವನ್ನೇ ನಂಬಿದವರು. ಕೊರೊನಾ ಕಾಲದಲ್ಲಿ ಒಂದು ದಿನವೂ ಹಾಲು ಹಾಕಿಸಿಕೊಳ್ಳುವುದು ನಿಲ್ಲದಿದ್ದುದು ಇವರು ಸರದಿಯಂತೆ ಬಾಗಿಲಲ್ಲಿ ನಿಂತದ್ದರಿಂದ.

ನಮ್ಮ ಕಚೇರಿಯ ಗೋಡೆಯಲ್ಲಿ ಶಿದ್ದನಗೌಡ ಪಾಟೀಲರ ಚಿತ್ರವಿದೆ. ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಕಟ್ಟಿದ ಅವರನ್ನು ಪ್ರತಿ ಮಹಾಸಭೆಯಲ್ಲಿ ನೆನೆಯುತ್ತೇವೆ. ಈ ಸಲ ಅದೇ ಗೋಡೆಗೆ ನಿಮ್ಮ 13 ಮಂದಿಯ ಗುಂಪುಚಿತ್ರ ಹಾಕಬೇಕೆಂದು ಹೊಸ ಮಂಡಳಿ ತೀರ್ಮಾನಿಸಿದೆ. ಭಾನುವಾರ ಬೆಳಗಿನ ಹಾಲು ಮುಗಿದ ಕೂಡಲೇ ಫೋಟೋ ತೆಗೆಸೋಣ. ಅಜ್ಜಿಯನ್ನು ಕರೆತರಲು ನಾನೇ ಬರುತ್ತೇನೆ.